ಕಳ್ಳತನವೇ ಇಲ್ಲದ ಊರು

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವರು ನಗುನಗುತ್ತಾ ಮಾತಾಡಿಸಿದರೆ ಮೊದಲು ನನ್ನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಹೋಗುತ್ತದೆ. ತರಕಾರಿಯವನು ಒಂದು ಹಿಡಿ ಕೊತ್ತಂಬರಿ ಸುಮ್ಮನೆ ಹಾಕಿದರೆ ತಕ್ಕಡಿಯಲ್ಲಿ ಎಷ್ಟು ಹೊಡೆದನೋ ಎಂದು ಯೋಚಿಸುತ್ತೇನೆ. ಇಂಥವಳಿಗೆ ಈಚೆಗೆ ಸಿಕ್ಕ ಕೆಲಸ, ಮನೆಮನೆಗೆ ಹೋಗಿ ‘ನಿಮಗೆ ಇಲ್ಲಿ ಭಯವಾಗುತ್ತದೆಯೇ’ ಎಂದು ಕೇಳುವುದು.

ರಾಜ್ಯದ ಯಾವ ಊರಿನಲ್ಲಿ ಅಪರಾಧ ಎಷ್ಟು ನಡೆಯುತ್ತದೆ, ಅಲ್ಲಿನ ಜನ ಎಷ್ಟು ನಿಶ್ಚಿಂತೆಯಿಂದ ಇದ್ದಾರೆ ಎಂದು ತಿಳಿಯುವ ಸಮೀಕ್ಷೆ ಅದು. ನನ್ನ ಪಾಲಿಗೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಬಂದವು. ಮೊಬೈಲಿನಲ್ಲಿ ಒಂದು ಆ್ಯಪ್, ಕೊರಳಿಗೆ ಒಂದು ಗುರುತಿನ ಕಾರ್ಡು. ಹೊರಗೆ ಹೋಗುವಾಗ ಬೀಗ ಹಾಕುತ್ತೀರಾ, ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ನಾಯಿ ಸಾಕಿದ್ದೀರಾ ಎಂದೆಲ್ಲ ಕೇಳಬೇಕು. ಕಳ್ಳನೇ ಕೂತು ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ. ನನ್ನ ಮನೆಗೆ ಯಾರಾದರೂ ಬಂದು ಹೀಗೆ ಕೇಳಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ.

ರಾಮನಗರದ ಹೊಸ ಬಡಾವಣೆಯೊಂದರಲ್ಲಿ ಗೇಟಿನ ಕ್ಯಾಮೆರಾದೊಳಗಿಂದಲೇ ಒಂದು ಹೆಣ್ಣುದನಿ ನನ್ನನ್ನು ವಿಚಾರಿಸಿತು. ಕಾರ್ಡು ಹತ್ತಿರ ಹಿಡಿಯಿರಿ, ಇನ್ನೂ ಹತ್ತಿರ, ಈಗ ಮುಖ ತೋರಿಸಿ. ಮುಖ ನೋಡಿದ ಮೇಲೆ ಆ ದನಿ ಮತ್ತೆ ಬರಲೇ ಇಲ್ಲ. ಮಾಗಡಿಯಲ್ಲಿ ಒಬ್ಬ ಗಂಡಸು ನಾನು ಚಪ್ಪಲಿ ಬಿಡುವಷ್ಟರಲ್ಲಿ ನನ್ನ ಫೋಟೊ ತೆಗೆದು ಯಾವುದೋ ಗ್ರೂಪಿಗೆ ಹಾಕಿದ. ಕನಕಪುರದ ಹತ್ತಿರ ಕುರಿ ಸಾಕುವ ಒಬ್ಬ ಮುದುಕನನ್ನು ಕೇಳಿದರೆ, ಹೋದ ತಿಂಗಳಷ್ಟೇ ಹಟ್ಟಿಯಿಂದ ಕುರಿ ಕಳೆದುಕೊಂಡವನು, ‘ಭಯ ಏನವ್ವ, ಹೋದೋವು ಹೋದ್ವು’ ಎಂದು ನನ್ನ ಮುಖಕ್ಕೇ ನಕ್ಕ. ಏನೂ ಕಳೆದುಕೊಳ್ಳದವರ ಗೇಟು ಎತ್ತರ, ಕಳೆದುಕೊಂಡವರ ಬಾಗಿಲು ಹಾರುಹೊಡೆದಿರುತ್ತದೆ. ಇದನ್ನು ಬರೆಯಲು ಆ್ಯಪಿನಲ್ಲಿ ಜಾಗವಿರಲಿಲ್ಲ.

ಚನ್ನಪಟ್ಟಣದ ಕಡೆ, ವಿರೂಪಾಕ್ಷಿಪುರದಿಂದ ಒಳಗಿರುವ ಒಂದು ಊರಿಗೆ ಹೋಗುವ ಹೊತ್ತಿಗೆ ನನಗಿಂತ ಮೊದಲೇ ಒಂದು ವಾಯ್ಸ್ ಮೆಸೇಜು ಅಲ್ಲಿಗೆ ತಲುಪಿತ್ತು. ಸರ್ವೆ ಅಂತ ಹೇಳಿಕೊಂಡು ಹೆಂಗಸರು ಬಂದು ಮನೆ ನೋಡಿಕೊಂಡು ಹೋಗುತ್ತಾರೆ, ಆಮೇಲೆ ಗಂಡಸರು ಬಂದು ದೋಚುತ್ತಾರೆ, ಹುಷಾರು. ಅಂಗಡಿಯ ಮುಂದೆ ಕೂತಿದ್ದ ಹುಡುಗರು ಅದನ್ನು ನನಗೆ ಕೇಳಿಸುವ ಹಾಗೆ ಜೋರಾಗಿ ಹಾಕಿದರು. ಆ ಮಾಗಡಿಯವನದ್ದೇ ಕೈವಾಡ ಇರಬೇಕು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಮೊದಲ ಮನೆಯ ಜಗಲಿಯ ಮೇಲೆ ಒಬ್ಬ ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದಳು.

“ಯಾರವ್ವ? ಯಾವ ಕಡೆಯೋಳು?”

“ಮಾಗಡಿ ಕಡೆಯೋಳು ಅಜ್ಜಿ. ಸರ್ವೆಗೆ ಬಂದಿದ್ದೀನಿ. ಊರಲ್ಲಿ ಕಳ್ಳತನ, ಗಲಾಟೆ ಏನಾದರೂ ಇದೆಯಾ ಅಂತ ಕೇಳೋಕೆ.”

“ನಮ್ಮೂರಲ್ಲಿ ಕಳ್ತನ ಗಿಳ್ತನ ಏನೂ ಇಲ್ಲ ಕಣವ್ವ. ಪೊಲೀಸ್ನೋರು ಈ ಊರಿನ ದಾರಿನೇ ಮರ್ತೋಗವ್ರೆ. ಹಂಗಂತ ಬರ್ಕಂಡು ಹೊಂಟೋಗು.”

ಹಾಗೆ ಹೊರಟುಹೋಗುವಂತಿರಲಿಲ್ಲ. ಪ್ರತಿ ಮನೆಯಲ್ಲೂ ಒಬ್ಬ ಹೆಂಗಸನ್ನು ಒಬ್ಬಳನ್ನೇ ಕೂರಿಸಿ ಕೇಳಬೇಕೆಂಬುದು ನಮಗಿದ್ದ ಕಟ್ಟಪ್ಪಣೆ. ಅಷ್ಟರಲ್ಲಿ ಅಜ್ಜಿಯ ಸೊಸೆ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ನಗುಮುಖ. ನಮ್ಮ ತವರಿನಲ್ಲೂ ರೇಷ್ಮೆ ಹುಳ ಸಾಕುತ್ತಿದ್ದರು ಎಂದು ನಾನು ಹೇಳಿದ್ದೇ ತಡ, ನನ್ನನ್ನು ನೆಂಟಳನ್ನಾಗಿ ಮಾಡಿಕೊಂಡುಬಿಟ್ಟಳು.

“ಬನ್ನಿ ಅಕ್ಕ, ಸೊಪ್ಪು ಹಾಕ್ತಾ ಹಾಕ್ತಾ ಹೇಳ್ತೀನಿ. ಹುಳ ಕಾಯಾಕಿಲ್ಲ.”

“ನಾನು ಕೇಳಬಾರದಂಥ ಮಾತು ಅದೇನವ್ವ?” ಎಂದು ಅಜ್ಜಿ ಹಿಂದಿನಿಂದ ಕೂಗಿದಳು.

ಹಿತ್ತಲಿನ ಹುಳದ ಮನೆಯ ಮುಂದೆ ನಾನು ನಿಂತುಬಿಟ್ಟೆ. ಹೊರಗಿನವರನ್ನು ಹುಳದ ಮನೆಗೆ ಬಿಡುವ ಪದ್ಧತಿ ಎಲ್ಲಿಯೂ ಇಲ್ಲ. ರೋಗ ತರುತ್ತಾರೆ, ಕಣ್ಣು ಹಾಕುತ್ತಾರೆ, ಬೆಳೆ ಕೆಡುತ್ತದೆ. ನನ್ನ ತವರಿನಲ್ಲಿ ಸ್ವಂತ ಚಿಕ್ಕಮ್ಮನನ್ನೇ ಬಾಗಿಲಿನಿಂದ ಆಚೆ ನಿಲ್ಲಿಸುತ್ತಿದ್ದರು. ಇವಳು ನೋಡಿದರೆ ಕಾಲು ತೊಳೆಯಲು ಚೆಂಬು ಕೊಟ್ಟು, ಹೊಸಿಲಿಗೆ ಉದುರಿಸಿದ್ದ ಸುಣ್ಣದ ಪುಡಿ ತುಳಿದುಕೊಂಡು ಬನ್ನಿ ಎನ್ನುತ್ತಿದ್ದಾಳೆ. ಇಷ್ಟೊಂದು ಪ್ರೀತಿ ಯಾಕೆ ಎಂದು ನನ್ನ ಒಳಮನಸ್ಸು ಕೇಳಿತು. ಬ್ಯಾಗನ್ನು ಮುಂದಕ್ಕೆ ಎಳೆದುಕೊಂಡೇ ಒಳಗೆ ಹೋದೆ.

ನಾಲ್ಕನೇ ಜ್ವರ ಎದ್ದು, ಅಂದರೆ ಕಡೆಯ ಸಲ ಪೊರೆ ಬಿಟ್ಟು, ಬೆರಳುದ್ದ ಆಗಿದ್ದ ಹುಳುಗಳು. ಅವು ಮೇಯುವ ಸದ್ದಿನಲ್ಲಿ ಒಳಗಿನ ಮಾತು ಹೊರಗೆ ಕೇಳಿಸುವಂತಿರಲಿಲ್ಲ. ಹೆಂಗಸೊಬ್ಬಳು ಮನಸ್ಸು ಬಿಚ್ಚಿ ಮಾತಾಡಲು ಆ ಮನೆಯಲ್ಲಿ ಬೇರೆ ಜಾಗ ಇರಲಿಲ್ಲವೆಂದು ನನಗೆ ಆಮೇಲೆ ಹೊಳೆಯಿತು. ಅವಳು ಸೊಪ್ಪು ಹರಡುತ್ತಾ, ನಾನು ಮೊಬೈಲು ಹಿಡಿದು ಕೇಳುತ್ತಾ ಹೋದೆವು. ಬೀಗದ ಪ್ರಶ್ನೆ ಬಂದಾಗ ಅವಳು ನಕ್ಕಳು.

“ಮನೆಗೆ ಬೀಗ ಯಾಕಕ್ಕ? ಇರೋದೆಲ್ಲ ಮನೇಲಿದ್ರೆ ತಾನೆ? ನಮ್ಮೂರಲ್ಲಿ ಚಿನ್ನ ಗಿನ್ನ ಏನಿದ್ರೂ ಹುಳದ ಮನೇಲೇ. ಹೊರಗಿನೋರು ಯಾರೂ ಕಾಲಿಡಾಕಿಲ್ವಲ್ಲ.”

ಇದನ್ನು ನನಗೆ ಯಾಕೆ ಹೇಳುತ್ತಿದ್ದಾಳೆ? ನಾನು ಕೇಳಿಯೂ ಇರಲಿಲ್ಲ. ಆದರೆ ಅವಳು ಆಗಲೇ ಮೂಲೆಯಲ್ಲಿದ್ದ ಸುಣ್ಣದ ಪುಡಿಯ ಡಬ್ಬದ ಕಡೆ ನಡೆದಿದ್ದಳು. ಮರುದಿನ ತಮ್ಮನ ಮದುವೆಯಂತೆ. ಬೆಳಿಗ್ಗೆ ಸೊಪ್ಪು ಹಾಕಿ ಹೋಗಿ, ಸಂಜೆಯ ಸೊಪ್ಪಿಗೆ ಬಂದುಬಿಡಬೇಕಂತೆ. ಅವಳ ತಾಯಿ ಕುರಿ ಕಾಯ್ದು ಮಾಡಿಸಿಕೊಟ್ಟ ಒಂದು ಸರ, ಅದನ್ನು ಹಾಕಿಕೊಂಡು ಹೋಗಬೇಕು.

“ಅವ್ವ ಹೋದ್ಮೇಲೆ ಅವಳದು ಅಂತ ನನ್ನತ್ರ ಇರೋದು ಅದೊಂದೇ. ಅದು ಹಾಕ್ಕಂಡು ಹೋದ್ರೆ ಅವ್ವನೂ ಮದ್ವೆಗೆ ಬಂದಂಗೆ ಅಂತ ತಮ್ಮ ಹೇಳವ್ನೆ. ಒಸಿ ಇರಿ, ತೋರಿಸ್ತೀನಿ.”

ಸುಣ್ಣದೊಳಗೆ ಕೈ ಬಿಟ್ಟಳು. ಮೊಣಕೈವರೆಗೆ ಬಿಟ್ಟಳು. ನಗು ಮುಖದ ಮೇಲೆ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಡಬ್ಬವನ್ನು ಪೇಪರಿನ ಮೇಲೆ ಬೋರಲು ಹಾಕಿ ಕೆದಕಿದಳು. ಬರೀ ಪುಡಿ.

ಅವಳು ಕೂಗಿಕೊಂಡ ದನಿಗೆ ಅಜ್ಜಿ ಓಡಿಬಂದಳು. ಬಂದವಳಿಗೆ ಡಬ್ಬ ಕಾಣಲಿಲ್ಲ, ಸೊಸೆ ಕಾಣಲಿಲ್ಲ. ಕಂಡಿದ್ದು ನಾನು.

“ಹುಳದ ಮನೆಗೆ ನಿನ್ನ ಯಾರೇ ಬುಟ್ಟೋರು?”

ಆಮೇಲೆ ಜನ ಸೇರಲು ಹೊತ್ತಾಗಲಿಲ್ಲ. ಅಂಗಡಿಯ ಮುಂದಿನ ಹುಡುಗರು ಬಂದರು, ಊರಿನಲ್ಲಿ ನ್ಯಾಯ ಹೇಳುವ ಯಜಮಾನರೊಬ್ಬರು ಬಂದರು, ಹೊಲದಲ್ಲಿದ್ದ ಅಜ್ಜಿಯ ಮಗ, ಸೊಸೆಯ ಗಂಡ, ಬೈಕಿನಲ್ಲಿ ಬಂದ. ನನ್ನ ಬ್ಯಾಗನ್ನು ಜಗಲಿಯ ಮೇಲೆ ಸುರಿದರು. ಛತ್ರಿ, ಊಟದ ಡಬ್ಬಿ, ನೀರಿನ ಬಾಟಲಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಊಟದ ಡಬ್ಬಿಯ ಮುಚ್ಚಳ ತೆಗೆದು ಅನ್ನವನ್ನೂ ಕೆದಕಿದರು. ನನ್ನ ಮೈ ಉರಿದುಹೋಯಿತು. ಹೆದರಿಕೆಯೂ ಆಯಿತು, ಸುಳ್ಳು ಹೇಳುವುದಿಲ್ಲ. ಸುತ್ತ ನಿಂತವರಲ್ಲಿ ಒಬ್ಬನ ಕೈಯಲ್ಲಿ ಆ ವಾಯ್ಸ್ ಮೆಸೇಜು ಮತ್ತೆ ಓಡುತ್ತಿತ್ತು.

“ಪೊಲೀಸರನ್ನು ಕರೆಸಿ,” ಎಂದೆ. “ಅವರೇ ಬಂದು ನೋಡಲಿ.”

“ಪೊಲೀಸು ಯಾಕಮ್ಮ?” ಎಂದರು ಯಜಮಾನರು. “ಇದುವರೆಗೂ ಈ ಊರಿಂದ ಒಂದು ಕಂಪ್ಲೇಂಟ್ ಹೋಗಿಲ್ಲ. ಊರಿಗೆ ಕೆಟ್ಟೆಸ್ರು ತರಬ್ಯಾಡ. ಕಬ್ಬಾಳಮ್ಮನ ಮುಂದೆ ಕರ್ಪೂರ ಆರಿಸು. ನಂಬ್ತೀವಿ.”

ಆ ಹೊತ್ತಿನಲ್ಲಿ ನನ್ನ ಅನುಮಾನವೆಲ್ಲ ಸೊಸೆಯ ಮೇಲಿತ್ತು. ಗುರುತಿಲ್ಲದವಳನ್ನು ಒಳಗೆ ಕರೆದವಳು, ಕೇಳದೆಯೇ ಚಿನ್ನದ ಸುದ್ದಿ ಎತ್ತಿದವಳು, ನನ್ನ ಕಣ್ಣೆದುರೇ ಡಬ್ಬ ಸುರಿದವಳು ಅವಳೇ. ಸರವನ್ನು ಎಲ್ಲಿಗೋ ಸಾಗಿಸಿ ಅದನ್ನು ನನ್ನ ತಲೆಗೆ ಕಟ್ಟಲು ನನ್ನನ್ನು ಬಳಸಿಕೊಂಡಳು ಎಂದು ಹಲ್ಲು ಕಚ್ಚಿದೆ. ಅವಳು ಕಂಬಕ್ಕೆ ಒರಗಿ ನಿಂತಿದ್ದಳು, ಒಂದು ಕೈ ಇನ್ನೂ ಬೆಳ್ಳಗೆ ಇತ್ತು. ನನ್ನ ಕಡೆ ನೋಡುತ್ತಿರಲಿಲ್ಲ.

ಕಬ್ಬಾಳಮ್ಮನ ಫೋಟೊವನ್ನು ಹೊರಗೆ ತಂದು ಮಣೆಯ ಮೇಲಿಟ್ಟರು. ಸುಳ್ಳು ಆಣೆ ಹಾಕಿದವರ ಮನೆಯನ್ನು ಆ ತಾಯಿ ಬಿಡುವುದಿಲ್ಲ ಎಂಬುದು ಈ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ತಟ್ಟೆಯಲ್ಲಿ ಕರ್ಪೂರ ಹಚ್ಚಿದರು. ನಾನು ಈ ಮನೆಯ ಸರ ಕಣ್ಣಿನಲ್ಲೂ ಕಂಡಿಲ್ಲ ಎಂದು ಹೇಳಿ, ಉರಿಯನ್ನು ಅಂಗೈಯಿಂದ ಬಡಿದು ಆರಿಸಿದೆ. ಕೈ ಚುರ್ ಎಂದಿತು. ಸಿಟ್ಟು ಮಾತ್ರ ಆರಲಿಲ್ಲ.

“ನನ್ನದಾಯಿತು. ಈಗ ಮನೆಯವರದ್ದೂ ಆಗಲಿ,” ಎಂದೆ.

ಗುಂಪಿನಲ್ಲಿ ಯಾರೋ ಗೊಣಗಿದರು. ಯಜಮಾನರು ಮೀಸೆ ತಿರುವಿ, “ಅದೂ ನ್ಯಾಯವೇ ಬುಡಿ,” ಎಂದರು.

ಯಾರೂ ಹೆಸರು ಹಿಡಿದು ಕರೆಯುವ ಮೊದಲೇ ಸೊಸೆ ಮುಂದೆ ಬಂದಳು. ಮಣೆಯ ಮುಂದೆ ಕೂತು, “ತಾಯಿ, ನಂಗೊತ್ತಿಲ್ಲ,” ಎಂದಷ್ಟೇ ಹೇಳಿ ಕರ್ಪೂರದ ಮೇಲೆ ಕೈಯಿಟ್ಟಳು. ನಾನು ಬಡಿದು ತೆಗೆದಿದ್ದೆ. ಅವಳು ಕೈ ಇಟ್ಟವಳು ಉರಿ ಪೂರ್ತಿ ಸಾಯುವವರೆಗೆ ತೆಗೆಯಲಿಲ್ಲ. ಅವಳ ಮೇಲಿನ ನನ್ನ ಅನುಮಾನ ಅಲ್ಲಿಗೆ ಮುಗಿಯಿತು, ಅವಳ ಬಗ್ಗೆ ಅಯ್ಯೋ ಅನಿಸಿತು.

ಮೂರನೆಯ ಕರ್ಪೂರದ ಬಿಲ್ಲೆ ಹಚ್ಚಿ ಯಜಮಾನರು ಅಜ್ಜಿಯ ಮಗನ ಕಡೆ ನೋಡಿದರು. ಅವನು ಮೊಬೈಲು ನೋಡುತ್ತಿದ್ದ.

“ಬಾರ್ಲಾ.”

“ಬುಡಿ ಗೌಡ್ರೆ,” ಎಂದ ಅವನು, ತಲೆ ಎತ್ತದೆ. “ಇನ್ನೆರಡು ದಿನಕ್ಕೆ ಹುಳ ಹಣ್ಣಾಗಿ ಗೂಡು ಕಟ್ತವೆ. ಇಂಥ ಟೈಮಲ್ಲಿ ಮನೆ ಮುಂದೆ ಆಣೆ ಗೀಣೆ ಇಕ್ಕಬಾರ್ದು. ಗೂಡು ಕೆಡ್ತದೆ.”

ಎರಡು ಆಣೆ ಆಗಲೇ ಆಗಿದ್ದವು. ಆಗ ಹುಳದ ಚಿಂತೆ ಯಾರಿಗೂ ಬಂದಿರಲಿಲ್ಲ. ಯಜಮಾನರು ನೆಲ ನೋಡಿದರು, ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ತಟ್ಟೆಯಲ್ಲಿ ಕರ್ಪೂರ ತನ್ನಷ್ಟಕ್ಕೆ ತಾನೇ ಉರಿದು ಆರಿತು. ಅಜ್ಜಿ ಮಗನನ್ನು ಒಮ್ಮೆ ನೋಡಿದಳು. ಆಮೇಲೆ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದಳು. ಡ್ರಮ್ಮಿನ ಮುಚ್ಚಳ ತೆಗೆದ ಸದ್ದಾಯಿತು.

“ಸಿಕ್ತು ಕಣ್ರಪ್ಪೋ! ರಾಗಿ ಡ್ರಮ್ಮಲ್ಲಿತ್ತು. ನಾನೇ ಎತ್ತಿಕ್ಕಿ ಮರ್ತ್ಬುಟ್ಟಿದ್ದೆ. ವಯಸ್ಸಾಯ್ತು ನೋಡು.”

ಮುಚ್ಚಿದ ಮುಷ್ಟಿಯನ್ನು ಸೆರಗಿನೊಳಗೆ ಇಟ್ಟುಕೊಂಡು ಹೊರಗೆ ಬಂದಳು. ಅಲ್ಲಿ ನಿಂತಿದ್ದ ಅಷ್ಟು ಜನರಲ್ಲಿ ಮುಷ್ಟಿ ಬಿಚ್ಚು ಎಂದವರು ಯಾರೂ ಇಲ್ಲ. ಅನ್ನದ ಡಬ್ಬಿ ಕೆದಕಿದವರೇ ಅವರು.

“ಕೊಡಿ ಅತ್ತೆ,” ಎಂದಳು ಸೊಸೆ.

“ನನ್ನತ್ರ ಇರ್ಲಿ ಬುಡು. ನೀನು ಎಲ್ಲಂದರಲ್ಲಿ ಇಕ್ತೀಯ. ಆಮ್ಯಾಕೆ ಕೊಡ್ತೀನಿ.”

ಸೊಸೆ ಮುಷ್ಟಿಯನ್ನು ನೋಡಿದಳು, ಗಂಡನನ್ನು ನೋಡಿದಳು. ತೋರಿಸಿ ಎಂದರೆ ಊರಿನೆದುರು ಗಂಡನನ್ನು ಕಳ್ಳ ಎಂದಂತೆ. ಸುಮ್ಮನಿದ್ದರೆ ಸರ ಸಿಕ್ಕಿದಂತೆ, ಸಿಕ್ಕಿದ ಸರವನ್ನು ಇನ್ನು ಯಾವತ್ತೂ ಕಳೆಯಿತು ಎನ್ನುವ ಹಾಗಿಲ್ಲ. ನನಗೆ ಬಾಯಿಗೆ ಬಂದಷ್ಟು ಬೈಯಬೇಕೆನಿಸಿತು. ಆದರೆ ನಾನು ಬೈದು ಬಸ್ಸು ಹತ್ತುತ್ತೇನೆ, ಆ ಮನೆಯಲ್ಲಿ ಸಂಜೆಯ ಸೊಪ್ಪು ಹಾಕಬೇಕಾದವಳು ಅವಳು. ಅವಳು ನಿಧಾನಕ್ಕೆ ತಲೆಯಾಡಿಸಿ, “ಸರಿ ಅತ್ತೆ,” ಎಂದಳು.

ಜನ ಚದುರಿದರು. ಮಗ ಬೈಕು ಹತ್ತಿ ಬಂದ ದಾರಿಯಲ್ಲೇ ಹೋದ. ಯಜಮಾನರು ನನ್ನ ಸಾಮಾನನ್ನು ತಾವೇ ಬ್ಯಾಗಿಗೆ ತುಂಬಿಕೊಟ್ಟು, “ತಪ್ಪು ತಿಳ್ಕಬ್ಯಾಡಮ್ಮ. ನೀನೇ ಕಣ್ಣಾರೆ ನೋಡ್ದಲ್ಲ, ಇಲ್ಲಿ ಅಂಥದ್ದೇನೂ ನಡೆಯಾಕಿಲ್ಲ,” ಎಂದರು. ಅಜ್ಜಿ ಮತ್ತೆ ಅವರೆಕಾಯಿಗೆ ಕೂತಳು. ಮುಷ್ಟಿ ಯಾವಾಗ ಬಿಚ್ಚಿತೋ, ಒಳಗೆ ಏನಾದರೂ ಇತ್ತೋ, ನಾನು ಎಷ್ಟು ಹದ್ದಿನ ಕಣ್ಣಿಟ್ಟರೂ ಗೊತ್ತಾಗಲಿಲ್ಲ. ಎರಡೂ ಕೈಯಿಂದ ಕಾಯಿ ಸುಲಿಯುತ್ತಿದ್ದಳು.

ಅರ್ಧಕ್ಕೆ ಬಿಟ್ಟ ಮನೆಯನ್ನು ಆ್ಯಪ್ ಒಪ್ಪುವುದಿಲ್ಲ. ಉಳಿದದ್ದನ್ನು ಕೇಳಿ ಮುಗಿಸಲೇಬೇಕು. ಸೊಸೆ ಹುಳದ ಮನೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಪೇಪರಿನ ಸಮೇತ ಹೊರಗೆ ತಂದಿದ್ದ ಸುಣ್ಣವನ್ನು ಮೊರಕ್ಕೆ ಬಾಚಿಕೊಳ್ಳುತ್ತಿದ್ದಳು. ಅಂಗೈ ಕೆಂಪಗೆ ಉಬ್ಬಿತ್ತು. ನಾನು ಪಕ್ಕದಲ್ಲಿ ಕೂತೆ. ಮುಂದಿನ ಪ್ರಶ್ನೆಯನ್ನು ಓದಿದೆ. ಕಳೆದ ಒಂದು ವರ್ಷದಲ್ಲಿ ನಿಮ್ಮ ಮನೆಯಲ್ಲಿ ಯಾವುದಾದರೂ ವಸ್ತು ಕಳುವಾಗಿದೆಯೇ?

ಅವಳು ಮೊರದ ಸುಣ್ಣವನ್ನು ಡಬ್ಬಕ್ಕೆ ಸುರಿದಳು.

“ಅವ್ವನ ಸರ ಎಲ್ಲಕ್ಕ ಅಂತ ನಾಳೆ ತಮ್ಮ ಕೇಳ್ತಾನೆ,” ಎಂದಳು. “ಮನೇಲೈತೆ ಕಣಪ್ಪ, ಮರೆತು ಬಂದೆ ಅಂತೀನಿ. ಒಡಹುಟ್ಟಿದೋನಿಗೇ ಅಂಗನ್ನೋಳು, ನಿಮಗೆ ಬೇರೆ ಏನು ಹೇಳಲಿ? ಇಲ್ಲ ಅಂತ ಒತ್ಕಳಿ ಅಕ್ಕ.”

ನಾನು ‘ಇಲ್ಲ’ ಒತ್ತಿದೆ. ಪೊಲೀಸರಿಗೆ ದೂರು ಕೊಟ್ಟಿರಾ, ಯಾರ ಮೇಲಾದರೂ ಅನುಮಾನವಿದೆಯೇ ಎಂಬ ಪ್ರಶ್ನೆಗಳು ಬರಲೇ ಇಲ್ಲ. ಆ್ಯಪ್ ಅವನ್ನು ಹಾರಿಸಿಕೊಂಡು ಮುಂದಕ್ಕೆ ಹೋಯಿತು.