ಓಡಿಸದೆ ಇಟ್ಟ ಕಾರು

ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ, ೧೯೯೭ರಲ್ಲಿ, ನಾನು ಯಲಬುರ್ಗಾದಲ್ಲಿ ಸರ್ವೇಯರ್ ಆಗಿದ್ದೆ. ಹೊಲ ಅಳೆಯುವುದು, ಮಣ್ಣಿನಲ್ಲಿ ಹೂತುಹೋದ ಗಡಿಕಲ್ಲು ಹುಡುಕುವುದು, ಪಾಲಾದ ಅಣ್ಣತಮ್ಮಂದಿರ ನಡುವೆ ಗೆರೆ ಎಳೆದು ನಕ್ಷೆ ಬರೆಯುವುದು ನನ್ನ ಕೆಲಸ. ಜನ ಸಾಲದ್ದರಿಂದ ನನ್ನನ್ನು ಗಂಗಾವತಿಗೂ ಕುಷ್ಟಗಿಗೂ ಕಳಿಸುತ್ತಿದ್ದರು. ನನ್ನ ಹೆಂಡತಿ ಯಲಬುರ್ಗಾದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮಗೆ ಮಕ್ಕಳಾಗಲಿಲ್ಲ. ಆ ಮಾತನ್ನು ನಾವು ಬಹಳ ಹಿಂದೆಯೇ ಆಡಿ ಮುಗಿಸಿದ್ದೆವು.

ಗಂಗಾವತಿಯಲ್ಲಿ ಒಂದು ಅಕ್ಕಿ ಗಿರಣಿಯ ಜಾಗ ಅಳೆಯುವಾಗ ಆ ಕಾರು ಸಿಕ್ಕಿತು. ಟೇಪು ಹಿಡಿದು ಹಿಂದಿನ ಶೆಡ್ಡಿಗೆ ಹೋದೆ. ತೌಡಿನ ಚೀಲಗಳ ಅಡಿಯಿಂದ ದುಂಡನೆಯ ದೀಪವೊಂದು ಹೊರಗೆ ನೋಡುತ್ತಿತ್ತು. ನಾಲ್ಕು ಚೀಲ ಸರಿಸಿದರೆ ಉದ್ದ ಮೂತಿ, ಸೈಕಲ್ಲಿನಂತೆ ಕಡ್ಡಿಗಳಿದ್ದ ಗಾಲಿ, ಎರಡೇ ಸೀಟು. ಮೇಲೆ ಮುಚ್ಚುವ ಟಪ್ಪು ಇಲ್ಲ. ಬಾಗಿಲೊಳಗಿನ ಕಟ್ಟಿಗೆಯನ್ನು ಗೆದ್ದಲು ತಿಂದು ಬರೀ ತಗಡು ನಿಂತಿತ್ತು.

ಗಿರಣಿಯ ಮಾಲೀಕರದು ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದ ಮನೆತನ; ಅಪ್ಪನನ್ನು ನಾಯನ ಎನ್ನುತ್ತಿದ್ದರು. ಪಾಲಾಗುತ್ತಿದ್ದ ಇಬ್ಬರಲ್ಲಿ ಹಿರಿಯರು ನಕ್ಕರು. “ನಮ್ಮ ನಾಯನ ಡ್ಯಾಮಿನ ಇಂಜಿನಿಯರ್ ಒಬ್ರ ಹತ್ರ ತಗೊಂಡಿದ್ದು ಸಾರ್. ಒಂದು ವರ್ಷ ಓಡಿಸಿದ್ರು, ಸೊಂಟ ಹಿಡೀತು, ಬಿಟ್ರು. ಪಾಲಿನಾಗ ಇದನ್ನ ನಾನೂ ಬ್ಯಾಡ ಅಂದೆ, ತಮ್ಮಾನೂ ಬ್ಯಾಡ ಅಂದ.”

ಅಳೆಯಲು ಹೋದ ಜಾಗದಿಂದ ಏನನ್ನೂ ತರಬಾರದು ಎಂಬುದು ನನ್ನ ಕಟ್ಟುಪಾಡು. ನಕ್ಷೆಗೆ ಸಹಿಯಾಗಿ, ಪಾಲು ನೋಂದಣಿಯಾಗಿ, ಮತ್ತೆ ಆರು ತಿಂಗಳು ಕಳೆಯಲಿ ಎಂದು ಕಾದು ಹೋದೆ. ಕಾರು ಅಲ್ಲೇ ಇತ್ತು. ಹದಿನೈದು ಸಾವಿರಕ್ಕೆ ಕೊಟ್ಟರು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹೇರಿಕೊಂಡು ಕೊಪ್ಪಳದ ಮಿಸ್ತ್ರಿಯ ಗ್ಯಾರೇಜಿಗೆ ತಂದೆ.

ಮಿಸ್ತ್ರಿ ನನಗಿಂತ ಹತ್ತು ವರ್ಷ ಹಿರಿಯರು. ಅವರ ಮನೆಮಾತು ದಖನಿ ಉರ್ದು, ಕೆಲಸ ಟ್ರ್ಯಾಕ್ಟರು ಮತ್ತು ಜೀಪುಗಳದು. ಕಾರಿನ ಸುತ್ತ ಎರಡು ಸುತ್ತು ಬಂದು, ಬಾನೆಟ್ಟಿನ ಚರ್ಮದ ಪಟ್ಟಿ ಬಿಚ್ಚಿ ಒಳಗೆ ನೋಡಿ, “ಇದು ಎಂಜಿನ್ ಅಲ್ರಿ ಸಾಹೇಬ್ರ, ಬಾಜಾಪೆಟಗಿ ಐತಿ” ಎಂದರು. ಅದಕ್ಕೆ ಎರಡು ಕಾರ್ಬುರೇಟರ್. ಹಾರ್ಮೋನಿಯಮ್ಮಿನ ತಿದಿಯಂತೆ ಎರಡೂ ಒಂದೇ ಸಮ ಉಸಿರೆಳೆಯಬೇಕು. ಮಿಸ್ತ್ರಿ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಒಮ್ಮೆ ಇದರ ಬಾಯಿಗೆ, ಒಮ್ಮೆ ಅದರ ಬಾಯಿಗೆ ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಗೆದ್ದಲು ತಿಂದ ಚೌಕಟ್ಟನ್ನು ಕಿನ್ನಾಳದ ಒಬ್ಬ ಬಡಿಗರ ಹತ್ತಿರ ಮಾಡಿಸಿದೆವು. ಅವರು ಗೊಂಬೆ ಕೆತ್ತುವವರು. “ಗೊಂಬಿ ಕಟಿಗಿ ಇದಕ್ಕ ತಾಳೂದಿಲ್ರಿ” ಎಂದು ಬಂಡಿಗೆ ಹಾಕುವ ಜಾಲಿ ಕಟ್ಟಿಗೆಯಲ್ಲೇ ಕೊರೆದುಕೊಟ್ಟರು. ಎಲ್ಲ ಸೇರಿ ಎರಡು ವರ್ಷ ಹಿಡಿಯಿತು.

ಕಾರು ಯಲಬುರ್ಗಾಕ್ಕೆ ಬಂದ ದಿನ ಜನ ಅದಕ್ಕೆ ಬೋಳು ಕಾರು ಎಂದು ಹೆಸರಿಟ್ಟರು. ಮೂರನೆಯ ಭಾನುವಾರ ಹೆಂಡತಿ ಕೇಳಿದಳು, “ಏನ್ರಿ, ನನಗೂ ಕಲಸ್ತೀರೇನು?”

ಕಲಿಸಿದೆ. ನನಗಿಂತ ಚೆನ್ನಾಗಿ ಕಲಿತಳು. ನಾನು ಗೇರನ್ನು ತಳ್ಳುತ್ತಿದ್ದೆ. ಅವಳು ಎಂಜಿನ್ನಿನ ಸದ್ದು ಕೇಳಿ, ಅದು ತಾನಾಗಿ ಒಪ್ಪುವ ಹೊತ್ತಿಗೆ ಹಾಕುತ್ತಿದ್ದಳು. ಸೆರಗನ್ನು ತಲೆಗೆ ಸುತ್ತಿ, ಸೊಂಟಕ್ಕೆ ಸಿಕ್ಕಿಸಿ, ರೈಲು ಹಳಿಯ ಹತ್ತಿರದ ಹಳ್ಳಿ ತಳಕಲ್ಲಿನ ತನಕ ಹೊಡೆದುಕೊಂಡು ಹೋಗುತ್ತಿದ್ದಳು. ಎರಡೂ ಕಡೆ ಕರಿ ಹೊಲ, ಹಿಂಗಾರಿನಲ್ಲಿ ಕಡಲೆ, ಬಿಳಿಜೋಳ. ರೈಲ್ವೆ ಗೇಟು ಹಾಕಿದ್ದರೆ ಎಂಜಿನ್ ಆರಿಸಿ ಕಾಯುತ್ತಿದ್ದೆವು. ರೈಲಿನ ಕಿಟಕಿಯಲ್ಲಿದ್ದವರು ಕಾರನ್ನು ನೋಡಿ, ಆಮೇಲೆ ಹೊಡೆಯುವವರು ಯಾರೆಂದು ನೋಡಿ, ಕೈ ಬೀಸುತ್ತಿದ್ದರು. ಅವಳು ಶಾಲೆಯಲ್ಲಿ ಹಾಜರಿ ಕೂಗುವ ಗಂಭೀರ ಮುಖದಲ್ಲಿ ಒಂದೇ ಸಲ ಕೈ ಎತ್ತುತ್ತಿದ್ದಳು. ಒಮ್ಮೆ ಮಳೆಗೆ ಸಿಕ್ಕು, ರಸ್ತೆ ಬಿಟ್ಟು ಎರೆ ಮಣ್ಣಿಗಿಳಿದು, ಗಾಲಿಯ ಕಡ್ಡಿಗಳೆಲ್ಲ ಮಣ್ಣಿನಲ್ಲಿ ಮುಚ್ಚಿ ನಿಂತೆವು. ಇಬ್ಬರೂ ತೊಯ್ದು ತಪ್ಪಡಿಯಾಗಿದ್ದೆವು. ಅವಳು ಸ್ಟಿಯರಿಂಗ್ ಮೇಲೆ ಹಣೆ ಇಟ್ಟು ನಗುತ್ತಿದ್ದಳು. ಹೀಗೆ ಐದು ವರ್ಷ.

ಆಮೇಲೆ ಪಕ್ಕದ ಸೀಮೆಗೆ ಗಣಿಯ ದುಡ್ಡು ಬಂತು. ಹೊಸಪೇಟೆ ಕಡೆ ಅದಿರಿನ ಲಾರಿಗಳ ಸಾಲು ಬೆಳೆಯಿತು, ದುಡ್ಡಿದ್ದವರಿಗೆ ಹಳೆಯ ಕಾರುಗಳ ಹುಚ್ಚು ಹತ್ತಿತು. ಅಲ್ಲಿಂದ ಒಬ್ಬ ದಲಾಲಿ ಮನೆಗೆ ಬಂದ. ಕಾರನ್ನು ಮುಟ್ಟಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನೋಡಿ, ಮೂರು ಲಕ್ಷ ಎಂದ. ನಾನು ಚಹಾ ಕೊಟ್ಟು ಕಳಿಸಿದೆ. ಮುಂದಿನ ವರ್ಷ ಆರು ಎಂದ. ಅದರ ಮುಂದಿನ ವರ್ಷ ಹತ್ತು. ಬೇರೆ ಯಾರೂ ನನ್ನ ಬದುಕಿಗೆ ಹೀಗೆ ಬೆಲೆ ಹೇಳಿರಲಿಲ್ಲ. ಕಚೇರಿಯಲ್ಲಿ ನಕ್ಷೆ ಬರೆಯುತ್ತ ಕುಳಿತಾಗಲೂ ತಲೆಯಲ್ಲಿ ಆ ಅಂಕಿ ಇರುತ್ತಿತ್ತು.

“ಮಾರೂದಿಲ್ಲ ಅಂದ್ರ ಬಿಡ್ರಿ ಸರ್,” ದಲಾಲಿ ಹೇಳಿದ, “ಆದ್ರ ಓಡಸಬ್ಯಾಡ್ರಿ. ಓಡಿಸಿದಷ್ಟು ರೇಟು ಇಳಿತೈತಿ. ಮತ್ತ ಈ ಜಾಲಿ ಕಟಿಗಿ ತಗಸ್ರಿ. ಅಸಲಿ ಅಲ್ಲ ಇದು. ಇಂಗ್ಲೆಂಡಿಂದ ಚೌಕಟ್ಟು ತರಸ್ತೇನಿ.”

ನಾನು ಒಪ್ಪಿದೆ. ಕಾರನ್ನು ಕೊಪ್ಪಳಕ್ಕೆ ಒಯ್ದು ಮಿಸ್ತ್ರಿಗೆ ಹೇಳಿದೆ. ಅವರು ಬಾಗಿಲನ್ನು ಒಮ್ಮೆ ತೆರೆದು ಮುಚ್ಚಿದರು. ಅದು ಟಪ್ ಎಂದು ಗಟ್ಟಿಯಾಗಿ ಕುಳಿತಿತು.

“ಏನ್ ಕೆಟ್ಟೈತ್ರಿ ಸಾಹೇಬ್ರ ಇದು?”

“ಕೆಟ್ಟಿಲ್ಲ ಮಿಸ್ತ್ರಿ. ಅಸಲಿ ಅಲ್ಲ ಅಂತಾರ.”

“ನಾವು ಮಾಡಿದ್ದು ನಕಲಿ ಆತೇನು?” ಎಂದರು. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಲೆಂದು ಕೇಳಿದಂತಿತ್ತು. ನಾನು ಇಂಗ್ಲೆಂಡಿನಿಂದ ಬಂದ ಚೌಕಟ್ಟನ್ನು ಅವರ ಮುಂದಿಟ್ಟೆ. ಅವರು ಕೆಲಸ ಮಾಡಿಕೊಟ್ಟರು. ಆದರೆ ಆಮೇಲೆ ಚಹಾಕ್ಕೆ ಕೂರಿ ಎನ್ನಲಿಲ್ಲ.

ಮನೆಯ ಪಕ್ಕ ತಗಡಿನ ಶೆಡ್ಡು ಹಾಕಿಸಿದೆ. ಒಂದಕ್ಕೆ ಇಷ್ಟು ಬೆಲೆಯಾದರೆ ಎರಡಕ್ಕೆ, ಮೂರಕ್ಕೆ ಎಷ್ಟು ಎಂಬ ಯೋಚನೆ ಬಂತು. ಹುಲಿಹೈದರದ ಆಚೆ ಹೊಲದ ಮನೆಯೊಂದರಲ್ಲಿ ನಿಂತಿದ್ದ ಎರಡು ಬಾಗಿಲಿನ ಕಾರೊಂದನ್ನು ಕೊಂಡೆ. ಹೊಸಪೇಟೆಯಲ್ಲಿ ದಲಾಲಿ ತೋರಿಸಿದ ಇನ್ನೊಂದನ್ನೂ ಕೊಂಡೆ. ಅವುಗಳಲ್ಲಿ ಕುಳಿತು ನಾನು ಒಂದು ಮೈಲಿಯೂ ಹೋಗಲಿಲ್ಲ. ಮೂರಕ್ಕೂ ತಾಡಪಾಲು ಹೊದಿಸಿದೆ. ತಿಂಗಳಿಗೊಮ್ಮೆ ಹೊದಿಕೆ ತೆಗೆದು, ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಹತ್ತು ನಿಮಿಷ ಬಿಟ್ಟು ಆರಿಸುತ್ತಿದ್ದೆ.

ಆ ಹತ್ತು ನಿಮಿಷ ಅವಳು ಬಂದು ಬೋಳು ಕಾರಿನ ಸ್ಟಿಯರಿಂಗ್ ಮುಂದೆ ಕೂರುತ್ತಿದ್ದಳು. ಕೈಯನ್ನು ಗೇರಿನ ಮೇಲೆ ಇಡುತ್ತಿದ್ದಳು, ಹಾಕುತ್ತಿರಲಿಲ್ಲ. ಎದುರಿಗೆ ಶೆಡ್ಡಿನ ತಗಡು. ನಾನು ಗಡಿಯಾರ ನೋಡಿಕೊಂಡು ನಿಂತಿರುತ್ತಿದ್ದೆ.

ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಬಂದವಳು ಚೀಲ ಇಟ್ಟವಳೇ ಶೆಡ್ಡಿಗೆ ಬಂದಳು.

“ಏನ್ರಿ, ಒಂದ್ಸಲ ತಳಕಲ್ಲಿನ ತನಕ ಹೊಡಕೊಂಡು ಹೋಗಿ ಬರ್ತೇನಿ.”

“ಮೈಲಿ ಏರ್ತಾವ,” ಎಂದೆ.

“ಏರಿದ್ರ ಏರಲಿ. ಗಾಡಿ ಅಂದಮ್ಯಾಲೆ ಏರೂದಿಲ್ಲೇನು?”

“ರೇಟು ಇಳಿತೈತಿ.”

“ಹಂಗಾದ್ರ ಬ್ಯಾಡ ಬಿಡ್ರಿ,” ಎಂದು ಒಳಗೆ ಹೋಗಿ ಅನ್ನಕ್ಕಿಟ್ಟಳು. ಊಟಕ್ಕೆ ಕುಳಿತಾಗ ಬೇರೆ ಮಾತಾಡಿದಳು, ಶಾಲೆಯ ಮಾಳಿಗೆ ಸೋರುವುದರ ಬಗ್ಗೆ ಇರಬೇಕು. ನನಗೂ ಅದು ಅಲ್ಲಿಗೆ ಮುಗಿದ ಮಾತಾಗಿತ್ತು.

ಹನ್ನೊಂದು ದಿನಕ್ಕೆ ಅವಳು ತೀರಿಕೊಂಡಳು. ಶಾಲೆಯಲ್ಲಿ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋಗುತ್ತಿದ್ದಾಗ ಬಾಗಿಲಲ್ಲೇ ಕುಸಿದಳಂತೆ. ಹೆಡ್ ಮಾಸ್ತರರು ಜೀಪು ಮಾಡಿ ಕೊಪ್ಪಳಕ್ಕೆ ಒಯ್ದರು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು, ಯಾರ ಕೈಯಲ್ಲೂ ಏನೂ ಉಳಿದಿರಲಿಲ್ಲ. ಆ ಬೆಳಿಗ್ಗೆ ನಾನು ರಜೆ ಹಾಕಿ ಹೊಸಪೇಟೆಯಲ್ಲಿ ದಲಾಲಿಯ ಜೊತೆ ನಾಲ್ಕನೆಯ ಕಾರು ನೋಡುತ್ತಿದ್ದೆ. ಫೋನು ಬಂದಾಗ ಅದರ ಚಾಸಿಯ ನಂಬರನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಬಸ್ಸಿನಲ್ಲಿ ಕೊಪ್ಪಳಕ್ಕೆ ಬಂದೆ. ಹೆಡ್ ಮಾಸ್ತರರು ಆಸ್ಪತ್ರೆಯ ಮೆಟ್ಟಿಲ ಮೇಲೆ ಅವಳ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ನಾನು ಅವನ್ನು ತೆಗೆದುಕೊಂಡೆ.

ಅಳು ಬರಲಿಲ್ಲ. ಮಣ್ಣು ಮಾಡುವಾಗಲೂ ಬರಲಿಲ್ಲ. ಮನೆ ತುಂಬ ಜನ ಬಂದರು. ಅವಳ ಅಕ್ಕಂದಿರು ನನ್ನ ಹೆಗಲು ಹಿಡಿದು ಅಲ್ಲಾಡಿಸಿ, “ಅಳೋ ಮಾರಾಯಾ, ಅತ್ತು ಬಿಡು,” ಎಂದರು. ಅವರಿಗಾಗಿ ಅಳಲು ಪ್ರಯತ್ನಿಸಿದೆ. ಗಾಳಿಗೆ ಶೆಡ್ಡಿನೊಳಗೆ ತಾಡಪಾಲು ಬಡಿಯುತ್ತಿತ್ತು. ಹಗ್ಗ ಸಡಿಲಾಗಿದೆ, ಬಿಗಿಯಬೇಕು ಎಂದಷ್ಟೇ ಅನಿಸುತ್ತಿತ್ತು.

ಮಿಸ್ತ್ರಿ ಮೂರನೆಯ ದಿನ ಬಂದರು. ಗ್ಯಾರೇಜಿನಲ್ಲಿ ನಾವು ಮಾತು ನಿಲ್ಲಿಸಿ ಎರಡು ವರ್ಷವಾಗಿತ್ತು. ನನ್ನ ಪಕ್ಕದ ಕಟ್ಟೆಯ ಮೇಲೆ ಕುಳಿತು, “ಅಕ್ಕೋರ ಕೈ ಭಾಳ ಛಲೋ ಇತ್ರಿ. ಗೇರಿಗೆ ಪೆಟ್ಟಾಗದಂಗ ಹಾಕ್ತಿದ್ರು,” ಎಂದರು.

ನಾನು, “ಚಹಾ ಆತೇನು ಮಿಸ್ತ್ರಿ?” ಎಂದು ಕೇಳಿದೆ.

ಕಾರ್ಯ ಮುಗಿದ ಮೇಲೆ ದಲಾಲಿ ಫೋನು ಮಾಡಿದ. ಮೊದಲು ಸಮಾಧಾನ ಹೇಳಿದ, ಆಮೇಲೆ ಪುಣೆಯವರೊಬ್ಬರು ಬೋಳು ಕಾರಿಗೆ ಇಪ್ಪತ್ತೆರಡು ಲಕ್ಷ ಕೊಡುತ್ತಾರೆ ಎಂದ. ಇನ್ನೂ ಒಂದು ವರ್ಷ ತಡೆದರೆ ಮೂವತ್ತಾಗುತ್ತದೆ ಎಂದೂ ಸೇರಿಸಿದ. ಮೂರನ್ನೂ ಒಯ್ಯಿರಿ ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಎರಡು ಸಲ ಕೇಳಿದ.

ಪುಣೆಯಿಂದ ಬಂದವರು ಬೋಳು ಕಾರಿನ ಹಳೆಯ ಕಾಗದಗಳನ್ನು ಮೀಟರಿಗೆ ಹೋಲಿಸಿ ನೋಡಿದರು. ದಲಾಲಿ ನನ್ನತ್ತ ತಿರುಗಿ, “ಮೂರು ವರ್ಷದಾಗ ಬರೇ ಅರವತ್ತು ಮೈಲಿ! ಹಿಂಗ ಇಟ್ಟವರು ಈ ಕಡೆ ಯಾರೂ ಇಲ್ಲ ಸರ್. ಶಾಭಾಸ್,” ಎಂದ. ಆ ಅರವತ್ತರಲ್ಲಿ ಹೆಚ್ಚಿನವು ಕಟ್ಟಿಗೆ ಬದಲಿಸಲು ಕೊಪ್ಪಳಕ್ಕೆ ಹೋಗಿ ಬಂದವು. ನಾನು ಸಹಿ ಮಾಡಿದೆ. ದೊಡ್ಡ ಲಾರಿಯ ಹಿಂಬದಿಗೆ ಹಲಗೆ ಹಾಕಿ ಒಂದೊಂದಾಗಿ ಏರಿಸಿದರು. ಓಣಿಯವರೆಲ್ಲ ನೋಡಲು ನಿಂತಿದ್ದರು. ನಾನು ಲಾರಿ ತಿರುಗುವ ತನಕ ನಿಂತು, ಒಳಗೆ ಹೋಗಿ, ಕಚೇರಿಗೆ ತಡವಾಗುತ್ತದೆಂದು ಸ್ನಾನ ಮಾಡಿದೆ.

ಹಣದಿಂದ ಅವಳ ಶಾಲೆಗೆ ಹೊಸ ಮಾಳಿಗೆ ಹಾಕಿಸಿದೆ. ಊರಿನವರು ದೊಡ್ಡ ಮನಸ್ಸು ಎಂದರು. ನನಗೆ ಮನಸ್ಸು ದೊಡ್ಡದೋ ಸಣ್ಣದೋ ತಿಳಿಯಲಿಲ್ಲ, ಸೋರುತ್ತಿತ್ತು, ಹಾಕಿಸಿದೆ. ಉಳಿದದ್ದು ಬ್ಯಾಂಕಿನಲ್ಲಿದೆ. ದಲಾಲಿ ಹೇಳಿದ್ದು ನಿಜವಾಗಲಿಲ್ಲ. ಮರುವರ್ಷ ಗಣಿಗಳು ನಿಂತವು, ಲಾರಿಗಳು ನಿಂತವು, ಅವನ ಫೋನೂ ನಿಂತಿತು. ಸರಿಯಾದ ಹೊತ್ತಿಗೆ ಮಾರಿದಿರಿ ಎಂದು ಸಹೋದ್ಯೋಗಿಗಳು ನನ್ನನ್ನು ಜಾಣನೆಂದರು.

ಅದೇ ವರ್ಷ ಕುಷ್ಟಗಿ ತಾಲೂಕಿನ ಒಂದು ಹೊಲ ಅಳೆಯಲು ಹೋದೆ. ಮಧ್ಯಾಹ್ನ ಹೊಲದ ಅಜ್ಜಿ ಬೇವಿನ ಮರದಡಿ ನನಗೆ ಊಟಕ್ಕೆ ಹಾಕಿದಳು. ಸಜ್ಜಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ತಿನ್ನುವುದನ್ನೇ ನೋಡುತ್ತ ಕೇಳಿದಳು:

“ಯಪ್ಪಾ, ಮನಿಯಾಗ ಹೇಣ್ತಿ ಅದಾಳೇನು?”

“ಅದಾಳಬೇ,” ಎಂದೆ. “ಸಾಲ್ಯಾಗ ಟೀಚರ್ ಅದಾಳ.”

ಯಾಕೆ ಹಾಗೆ ಹೇಳಿದೆನೋ ತಿಳಿಯದು. ಹೇಳುವಾಗ ನಾಲಿಗೆ ತಡವರಿಸಲಿಲ್ಲ. ಅಜ್ಜಿ ಬುಟ್ಟಿಯಿಂದ ನಾಲ್ಕು ರೊಟ್ಟಿ ತೆಗೆದು, ನಡುವೆ ಪಲ್ಯ ಇಟ್ಟು, ಅರಿವೆಯಲ್ಲಿ ಕಟ್ಟಿದಳು. “ಆಕಿಗೂ ಒಯ್ಯಿ. ಸಾಲಿ ಬಿಟ್ಟು ದಣದು ಬಂದಿರ್ತಾಳ, ಇವತ್ತ ಒಲಿ ಹಚ್ಚೂದು ತಪ್ಪಲಿ.”

ಗಂಟನ್ನು ನಕ್ಷೆಯ ಚೀಲದಲ್ಲಿಟ್ಟು ಉಳಿದ ಎರಡು ಬದುಗಳನ್ನು ಅಳೆದೆ. ಸಂಜೆಯ ಬಸ್ಸಿಗೆ ಯಲಬುರ್ಗಾಕ್ಕೆ ಬಂದು, ಕೈಕಾಲು ತೊಳೆದು, ಅರಿವೆ ಬಿಚ್ಚಿ ಎರಡು ತಾಟು ಇಟ್ಟೆ. ಆಮೇಲೆ ಒಂದನ್ನು ತೆಗೆದಿಟ್ಟು, ನಾಲ್ಕೂ ರೊಟ್ಟಿಯನ್ನು ನಾನೇ ತಿಂದೆ.