ಇಳಿತ ಕೇಳಿ ಅಡುಗೆ ಮಾಡಿದ ಅತ್ತೆ

ಮಗಳಿಗೆ ಒಂದೂವರೆ ವರ್ಷವಾದಾಗ ನಾನು ಮತ್ತೆ ಕೆಲಸಕ್ಕೆ ಸೇರಿದೆ. ಅದುವರೆಗೆ ಬೇಲಾಪುರದ ಆಫೀಸಿನಲ್ಲಿ ಕೂತು ಜೆಟ್ಟಿಗಳ ವಿನ್ಯಾಸ ಮಾಡುತ್ತಿದ್ದವಳನ್ನು ಈ ಸಲ ನೇರ ಸೈಟಿಗೇ ಹಾಕಿದರು. ಮುಂಬ್ರಾ ಕಡೆ, ಸಮುದ್ರದ ನೀರು ಒಳಗೆ ಹರಿದು ಬರುವ ಖಾಡಿಯ ದಂಡೆಯಲ್ಲಿ ಪ್ರಯಾಣಿಕರ ಲಾಂಚುಗಳಿಗೆಂದು ಒಂದು ಸಣ್ಣ ಜೆಟ್ಟಿ. ಡ್ರಾಯಿಂಗ್ ನನ್ನದೇ.

ಅಲ್ಲಿ ನೀರು ಇಳಿದಾಗ ಕೆಲಸ, ಏರಿದರೆ ಬಂದ್. ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಂದೆ ಹೋಗುತ್ತಿರುತ್ತದೆ. ಈ ವಾರ ನಸುಕಿನಲ್ಲಿ ಹೊರಟರೆ ಮುಂದಿನ ವಾರ ಮಧ್ಯಾಹ್ನ. ನಾವಿದ್ದ ಕಾಮೋಠೆಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಯಾವ ಪಾಳಣಾಘರದವರೂ ಇಂಥ ಹೊತ್ತುಗೊತ್ತಿಲ್ಲದ ಕೆಲಸದವಳ ಮಗುವನ್ನು ಇಟ್ಟುಕೊಳ್ಳಲು ಒಪ್ಪಲಿಲ್ಲ. ಗಂಡನಿಗೆ ಬ್ಯಾಂಕಿನ ಕೆಲಸ, ರಜೆ ಸಿಗುವುದಿಲ್ಲ.

ಆಗ ವರ್ತಕ ನಗರದಲ್ಲಿ ಮೈದುನನ ಜೊತೆಗಿದ್ದ ಅತ್ತೆ ಒಂದು ಬ್ಯಾಗು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕರೆಯುವ ಧೈರ್ಯ ನನಗಿರಲಿಲ್ಲ. ಅವರು ಉಡುಪಿ ಕಡೆಯವರು, ನಾನು ವಿಜಯಪುರದವಳು. ಅವರ ತುಳು ನನಗೆ ತಿಳಿಯುತ್ತಿರಲಿಲ್ಲ, ನನ್ನ ಖಾರ ಅವರಿಗೆ ಹಿಡಿಸುತ್ತಿರಲಿಲ್ಲ.

"ನಾಳೆ ನೀರು ಎಷ್ಟು ಹೊತ್ತಿಗೆ ಇಳಿಯುದು?" ಎಂದು ಊಟಕ್ಕೆ ಕೂತಾಗ ಕೇಳುವರು. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಡಬ್ಬಿ ಸಿದ್ಧವಾಗಿರುತ್ತಿತ್ತು. ಯಾರನ್ನೋ ಕೇಳಿ ನನಗಾಗಿ ಜೋಳದ ರೊಟ್ಟಿ ಬಡಿಯಲು ಕಲಿತಿದ್ದರು. ದಪ್ಪಗಿರುತ್ತಿತ್ತು. ಒಂದು ಚೂರೂ ಬಿಡದೆ ತಿನ್ನುತ್ತಿದ್ದೆ.

ನೀರಿನೊಳಗೆ ನಿಲ್ಲಿಸಿದ ಕಂಬಗಳ ತಲೆಗಳನ್ನು ಒಟ್ಟಿಗೆ ಹಿಡಿದುಕೊಳ್ಳುವ ಕಾಂಕ್ರೀಟ್ ದಿಮ್ಮಿಗೆ ಪೈಲ್ ಕ್ಯಾಪ್ ಎನ್ನುತ್ತೇವೆ. ಅದನ್ನು ಒಂದೇ ಇಳಿತದಲ್ಲಿ, ನಡುವೆ ನಿಲ್ಲಿಸದೆ ಎರಕ ಹೊಯ್ಯಬೇಕು. ಅರ್ಧಕ್ಕೆ ನಿಂತರೆ ಅಲ್ಲೊಂದು ಸಂದು ಉಳಿಯುತ್ತದೆ. ಉಪ್ಪುನೀರು ಅದರೊಳಗೆ ಹೊಕ್ಕು ಕಬ್ಬಿಣ ತಿನ್ನುತ್ತದೆ.

ಮೊದಲ ಕ್ಯಾಪಿನ ದಿನ ಮಗಳಿಗೆ ಜ್ವರ. ನಾನು ಬಾಗಿಲಲ್ಲೇ ನಿಂತಿದ್ದೆ.

"ನೀನು ಹೋಗು ಮಾರಾಯ್ತಿ. ನಾನುಂಟಲ್ಲ?" ಎಂದರು ಅತ್ತೆ.

ಸೈಟಿಗೆ ಹೋದರೆ ಕಾಂಕ್ರೀಟಿನ ಒಂದೇ ಲಾರಿ ಬಂದಿತ್ತು. ಮುಂಬ್ರಾ ಬೈಪಾಸಿನಲ್ಲಿ ಟ್ರೇಲರ್ ಕೆಟ್ಟು ನಿಂತು ಉಳಿದವು ಅದರ ಹಿಂದೆ ಸಿಕ್ಕಿಕೊಂಡಿದ್ದವು. ನೀರು ಆಗಲೇ ಏರತೊಡಗಿತ್ತು. "ಶುರು ಕರ್ತೇ ಹೈ ಮೇಡಂ, ಬಾಕಿ ಗಾಡಿ ಆ ಜಾಯೇಗಾ" ಎಂದ ಕಂತ್ರಾಟುದಾರ. ಈಗಲೇ ಶುರುಮಾಡೋಣ, ಉಳಿದ ಲಾರಿಗಳು ಬಂದೇ ಬರುತ್ತವೆ ಎಂದು ಅವನ ಲೆಕ್ಕ. ಅವನ ಜನರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು.

ನಿವೃತ್ತಿಗೆ ಹತ್ತಿರವಿದ್ದ ನನ್ನ ಮರಾಠಿ ಸಾಹೇಬರಿಗೆ ಫೋನ್ ಮಾಡಿದೆ. "ಅಲ್ಲಿರುವವಳು ನೀನು. ನೀನು ಏನು ಹೇಳುತ್ತೀಯೋ ಅದೇ ನನ್ನ ಮಾತು," ಎಂದರು, ಅಷ್ಟೇ. ಲಾರಿಯನ್ನು ವಾಪಸ್ ಕಳಿಸಿದೆ. ಕಂತ್ರಾಟುದಾರ ಹೆಲ್ಮೆಟ್ ತೆಗೆದು ಜೀಪಿನೊಳಕ್ಕೆ ಎಸೆದ.

ಮನೆಗೆ ಬಂದಾಗ ಮಗಳ ಜ್ವರ ಇಳಿದಿತ್ತು. ನಡೆದದ್ದನ್ನೆಲ್ಲ ಹೇಳುತ್ತ ನನಗೇ ತಿಳಿಯದೆ ಅತ್ತುಬಿಟ್ಟೆ. ಅತ್ತೆ ತಟ್ಟೆ ಇಟ್ಟು ಬಡಿಸಿದರು. "ನಾಳೆಯೂ ಇಳಿಯುತ್ತದಲ್ಲ ನೀರು? ಮೊದಲು ಊಟ ಮಾಡು."

ಮರುದಿನ ಲಾರಿಗಳು ಒಂದರ ಹಿಂದೊಂದು ಬಂದವು. ಸಾಹೇಬರೂ ಬಂದು ಎಲ್ಲರೆದುರೇ ಕಂತ್ರಾಟುದಾರನಿಗೆ, "ನಿನ್ನೆ ಇವಳು ನಿಲ್ಲಿಸದಿದ್ದರೆ ಇವತ್ತು ನಾನು ಒಡೆಸುತ್ತಿದ್ದೆ," ಎಂದರು. ನೀರು ಮುಟ್ಟುವ ಮೊದಲೇ ಕೆಲಸ ಮುಗಿಯಿತು. ಅಂದಿನಿಂದ ಆ ಮನುಷ್ಯ ನನ್ನನ್ನು ಕೇಳದೆ ಎರಕದ ಅಚ್ಚಿನ ಒಂದು ಹಲಗೆಯನ್ನೂ ಬಿಚ್ಚಿಸಲಿಲ್ಲ.

ಲಾಂಚು ಓಡತೊಡಗಿದ ಮೇಲೆ ಅತ್ತೆಯನ್ನೂ ಮಗಳನ್ನೂ ಕರೆದುಕೊಂಡು ಹೋದೆ. ಅಜ್ಜಿಯ ಕೈ ಹಿಡಿದು ಮಗಳು ಜೆಟ್ಟಿಯ ತುದಿಯವರೆಗೆ ಓಡಿದಳು. ಅತ್ತೆ ಕಟಕಟೆ ಹಿಡಿದು ಬಗ್ಗಿ ನೋಡಿದರು.

"ನೀನು ಆ ದಿನ ನಿಲ್ಲಿಸಿದ್ದು ಯಾವುದು? ಕಾಣುದೇ ಇಲ್ಲ."

"ಈಗ ಭರತ ಐತ್ರಿ ಅತ್ತಿ. ಕಾಣಬೇಕಂದ್ರ ಇನ್ನೂ ಭಾಳ ಹೊತ್ತು ಕೂಡಬೇಕಾಗ್ತದ."

"ಕೂತ್ಕೊಳ್ಳುವ. ಮನೆಯಲ್ಲಿ ಏನುಂಟು ಅರ್ಜೆಂಟ್?" ಎಂದು ಬೆಂಚಿನ ಮೇಲೆ ನನಗೂ ಜಾಗ ಬಿಟ್ಟು ಕೂತರು.