ಎಲೆಯ ತೊಟ್ಟು, ಗ್ಲಿಸರಿನ್ ಬತ್ತಿ

ನಾನು ಜಮಖಂಡಿಯಲ್ಲಿ ಮಕ್ಕಳ ಡಾಕ್ಟರಾಗಿದ್ದಾಗ ಸಾವಳಗಿ ಕಡೆಯಿಂದ ಒಂದು ಕೂಸು ಬಂತು. ಎಂಟು ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ಮೂಗಿನ ನಳಿಕೆಯಲ್ಲಿ ಕೊಟ್ಟ ಹಾಲು ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿಯುತ್ತಿತ್ತು. ಹುಟ್ಟಿ ಮೂರು ದಿನವಾದರೂ ಹೇತಿರಲಿಲ್ಲ. ಹಾಲು ದಕ್ಕದಿದ್ದರೆ ಕೂಸು ದಕ್ಕುವುದೂ ಕಷ್ಟವಿತ್ತು.

ಮಧ್ಯಾಹ್ನ ಅದರ ಅಜ್ಜಿ ಎಲೆ-ಅಡಿಕೆಯ ಚಂಚಿ ಬಿಚ್ಚಿ, ಒಂದು ವೀಳ್ಯದೆಲೆಯ ತೊಟ್ಟು ಮುರಿದು, ಔಡಲೆಣ್ಣೆಯಲ್ಲಿ ಅದ್ದಿಕೊಂಡು ಬಂದಳು.

"ಇದನ್ನ ಹಿಂದ ಜರಾ ಇಟ್ರ ಹೊಟ್ಟಿ ಸಡ್ಲ ಆಕ್ಕೈತ್ರಿ. ಆಮ್ಯಾಲ ಹಾಲು ತಾನ ಇಳಿತೈತಿ."

ಅಂಥದ್ದೆಲ್ಲ ಇಲ್ಲಿ ನಡೆಯುವುದಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಆಮೇಲೆ ಮಲ ಸಡಿಲಿಸುವ ಗ್ಲಿಸರಿನ್ ಬತ್ತಿಯೊಂದನ್ನು ತರಿಸಿ, ಬ್ಲೇಡಿನಿಂದ ಸಣ್ಣ ಚೂರು ಸೀಳತೊಡಗಿದೆ.

"ಅದನ್ನ ಎಲ್ಲಿ ಇಡ್ತೀರಿ?" ಅಜ್ಜಿ ಕೇಳಿದಳು.

ನಾನು ತಲೆ ಎತ್ತದೆ ಬತ್ತಿ ಸೀಳುತ್ತಲೇ ಇದ್ದೆ. ನರ್ಸ್ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಹಂಗಾರ ನನಗ್ಯಾಕ ಬೈದ್ರಿ? ನಮ್ದು ಮನಿ ತೊಟ್ಟು, ನಿಮ್ದು ದವಾಖಾನಿ ತೊಟ್ಟು, ಅಷ್ಟ ಹೌದಲ್ಲ."

ಸ್ವಚ್ಛತೆಯ ಬಗ್ಗೆ ನಾನು ಭಾಷಣ ಶುರುಮಾಡಿದೆ. ಅದು ಮುಗಿಯುವ ಮೊದಲೇ ನರ್ಸ್ ಕರೆದಳು. ನಮ್ಮಿಬ್ಬರ ತೊಟ್ಟಿಗೂ ಕಾಯದೆ ಕೂಸು ಬಟ್ಟೆ ತುಂಬ ಕಪ್ಪಗೆ ಹೇತಿತ್ತು. ಆಮೇಲೆ ಕೊಟ್ಟ ಹಾಲು ಹೊಟ್ಟೆಯಲ್ಲಿ ನಿಲ್ಲದೆ ಸರಾಗವಾಗಿ ಕೆಳಗಿಳಿಯಿತು.

ಅದನ್ನು ಕೇಳಿದ ಮೇಲೆಯೇ ಅಜ್ಜಿ ಗೋಡೆಗೆ ಒರಗಿ ಕೂತು, ತೊಟ್ಟು ಮುರಿದಿದ್ದ ಎಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡಳು. ಉಳಿದ ಗ್ಲಿಸರಿನ್ ಬತ್ತಿಯನ್ನು ಏನು ಮಾಡುವುದೆಂದು ನನಗೆ ತಿಳಿಯಲಿಲ್ಲ.